ಊರು ಒಂದೇ, ವಿಶ್ವವಿದ್ಯಾನಿಲಯ ಮೂರು: ದೂರ ಶಿಕ್ಷಣ ಮತ್ತು ಕ್ರೆಡಿಟ್ ವರ್ಗಾವಣೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇದ್ದಲ್ಲೇ ಇವೆ. ಆದರೆ ಅವುಗಳ ಜಿಲ್ಲೆ ಬದಲಾಗಿದೆ, ವಿಶ್ವವಿದ್ಯಾನಿಲಯವೂ ಬದಲಾಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಅದಾದ ಎರಡು ದಶಕಗಳ ಬಳಿಕ. ಈ ಸೀಮೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೂ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೂ ಸೇರಿತು. ಹಾಗಾದರೆ ಒಂದು ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಇನ್ನೊಂದರಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಶಿಕ್ಷಣದ ಚರಿತ್ರೆಯನ್ನು ನೋಡಬೇಕು.

ಲಂಡನ್ ವಿಶ್ವವಿದ್ಯಾನಿಲಯ 1858ರಲ್ಲೇ ಕಾಲೇಜಿಗೆ ಬಾರದವರಿಗೂ ಪರೀಕ್ಷೆ ನಡೆಸಿ ಪದವಿ ಕೊಡತೊಡಗಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮೈಸೂರು 1969ರಲ್ಲಿ ಆ ದಾರಿ ಹಿಡಿಯಿತು. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು, ಸಂಪರ್ಕ ತರಗತಿಗಳು ನಡೆಯುತ್ತಿದ್ದವು, ವರ್ಷಾಂತ್ಯಕ್ಕೆ ಪರೀಕ್ಷೆ. ಕೆಲಸ ಬಿಡಲಾಗದ ಶಾಲಾ ಶಿಕ್ಷಕರಿಗೆ ಇದು ದೊಡ್ಡ ಅನುಕೂಲವಾಯಿತು. 1969ರಲ್ಲೇ ಸನ್ನದು ಪಡೆದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಪ್ರವೇಶದ ನಿಯಮವನ್ನೂ ಸಡಿಲಿಸಿತು. ನಮ್ಮಲ್ಲಿ 1982ರಲ್ಲಿ ಆಂಧ್ರಪ್ರದೇಶ, 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಅಂದರೆ ಇಗ್ನೋ ಬಂದವು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಹಳೆಯ ವಾರ್ಷಿಕ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ಎರಡು ವರ್ಷ ತೇರ್ಗಡೆಯಾಗಿ ಓದು ನಿಲ್ಲಿಸಿದವರ ಕೈಯಲ್ಲಿ ಅಂಕಪಟ್ಟಿ ಉಳಿಯುತ್ತಿತ್ತೇ ಹೊರತು ಪದವಿಯಲ್ಲ. ಕಲಿತದ್ದನ್ನು ಬಿಡಿಬಿಡಿಯಾಗಿ ಅಳೆಯುವ ಮಾನವೇ ಕ್ರೆಡಿಟ್. ಇಗ್ನೋದಲ್ಲಿ 30 ಗಂಟೆಗಳ ಅಧ್ಯಯನಕ್ಕೆ 1 ಕ್ರೆಡಿಟ್. ಓದು, ಅಸೈನ್‌ಮೆಂಟ್, ಸಂಪರ್ಕ ತರಗತಿ ಎಲ್ಲವೂ ಇದರಲ್ಲಿ ಸೇರಿವೆ. ಹೀಗಾಗಿ 4 ಕ್ರೆಡಿಟ್‌ಗಳ ವಿಷಯವೆಂದರೆ 120 ಗಂಟೆಗಳ ಶ್ರಮ. ಕಾಲೇಜಿನ ಸೆಮಿಸ್ಟರಿನಲ್ಲಾದರೋ ಸಾಮಾನ್ಯವಾಗಿ ವಾರಕ್ಕೆ 1 ಗಂಟೆಯ ಪಾಠ ಅಥವಾ 2 ಗಂಟೆಗಳ ಪ್ರಯೋಗಕ್ಕೆ 1 ಕ್ರೆಡಿಟ್. ಹೆಸರು ಒಂದೇ, ಅಳೆಯುವ ಬಗೆ ಬೇರೆ. ಆದ್ದರಿಂದ ವರ್ಗಾವಣೆಯೆಂದರೆ ಬರೀ ಕೂಡುವ ಲೆಕ್ಕವಲ್ಲ. ಪಠ್ಯಕ್ರಮ ಮತ್ತು ಮಟ್ಟ ಹೊಂದುತ್ತವೆಯೇ ಎಂದು ಸೇರಿಸಿಕೊಳ್ಳುವ ಸಂಸ್ಥೆ ಪರಿಶೀಲಿಸುತ್ತದೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕನ್ನು ಜಾರಿಗೆ ತಂದಿತು. ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಖಾತೆಯಲ್ಲಿ ಜಮೆಯಾಗುತ್ತವೆ. ಆ ವರ್ಷದ ನಿಯಮದಂತೆ ಅವುಗಳ ಗರಿಷ್ಠ ಬಾಳಿಕೆ 7 ವರ್ಷ. ಕನಿಷ್ಠ ಅರ್ಧದಷ್ಟನ್ನು ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು.

ಆದರೆ ಸಂಸ್ಥೆಗೆ ಮಾನ್ಯತೆ ಇಲ್ಲದಿದ್ದರೆ ಕ್ರೆಡಿಟ್‌ಗೂ ಬೆಲೆಯಿಲ್ಲ. ರಾಜ್ಯದ ಹೊರಗಿನ ಕೇಂದ್ರಗಳು ಮತ್ತು ತಾಂತ್ರಿಕ ಕೋರ್ಸುಗಳ ವಿಚಾರದಲ್ಲಿ ಆಕ್ಷೇಪವೆತ್ತಿದ ಯುಜಿಸಿ, ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆ ಮುಂದುವರಿಸಲಿಲ್ಲ. ಆನಂತರ ಸೇರಿದ ವಿದ್ಯಾರ್ಥಿಗಳ ಭವಿಷ್ಯ ತೂಗುಯ್ಯಾಲೆಯಾಯಿತು. ಮಾನ್ಯತೆ ಮರಳಿ ದೊರೆತದ್ದು 2018ರಲ್ಲಿ. ತಪ್ಪು ಯಾರದೇ ಇರಲಿ, ಪರದಾಡಿದವರು ವಿದ್ಯಾರ್ಥಿಗಳು.

ಆದ್ದರಿಂದ ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳು ದೂರ ಶಿಕ್ಷಣಕ್ಕೆ ಸೇರುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಲು ಹೇಳಿ. ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ? ವಿಜ್ಞಾನ ವಿಷಯವಾದರೆ ಪ್ರಯೋಗಗಳು ಎಲ್ಲಿ ನಡೆಯುತ್ತವೆ? ನಡುವೆ ಬಿಟ್ಟರೆ ಕ್ರೆಡಿಟ್‌ಗಳನ್ನು ಯಾರು ಒಪ್ಪುತ್ತಾರೆ? ಶುಲ್ಕ ಕಟ್ಟುವ ಮೊದಲೇ ಈ ಉತ್ತರಗಳು ಲಿಖಿತವಾಗಿ ಕೈಯಲ್ಲಿರಲಿ.