ಸಭೆ, ಸಭಾಪಾಲಕ ಮತ್ತು ಅಧಿಕಾರ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ಒಂದು ಚಾರಿತ್ರಿಕ ಅವಲೋಕನ

ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ಬಯಲಿನಲ್ಲಿರುವ ಗೋಕಾಕ, ಹುಕ್ಕೇರಿ ಹಾಗೂ ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಪ್ರದೇಶಗಳಲ್ಲಿ ಧಾರ್ಮಿಕ ಅಧಿಕಾರಕ್ಕೆ ದೀರ್ಘವಾದ ಪರಂಪರೆಯಿದೆ. ಮಠದ ಸ್ವಾಮಿಗಳು, ಗೌಡಕಿ ಮತ್ತು ಕುಲಕರ್ಣಿಕೆಯ ವತನದಾರರು, ಕುಲದ ಹಿರಿಯರು ಈ ಅಧಿಕಾರದ ಬೇರೆ ಬೇರೆ ನೆಲೆಗಳು. ಇವೆಲ್ಲಕ್ಕೂ ಮಿಗಿಲಾಗಿ ಜನಪದರಲ್ಲಿ 'ದೈವ' ಎಂಬ ಕಲ್ಪನೆಯಿದೆ. ಈ ಭಾಗದ ಆಡುಮಾತಿನಲ್ಲಿ ದೈವವೆಂದರೆ ಕೇವಲ ದೇವರಲ್ಲ; ಒಂದೆಡೆ ಕೂಡಿದ ಊರ ಜನವೂ ದೈವವೇ. ನ್ಯಾಯ ಹೇಳುವುದು, ದಂಡ ವಿಧಿಸುವುದು, ತಪ್ಪಿತಸ್ಥನನ್ನು ಮರಳಿ ಒಳಗೆ ಕರೆದುಕೊಳ್ಳುವುದು ದೈವಕ್ಕೆ ಸೇರಿದ ಹಕ್ಕು. ಕ್ರೈಸ್ತ ಸಭೆಯ ಆಡಳಿತ ಈ ನೆಲದಲ್ಲಿ ಯಾವ ರೂಪ ತಳೆಯಿತೆಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಬೆಳಗಾವಿಯಲ್ಲಿ ಪ್ರಾಟೆಸ್ಟೆಂಟ್ ಮಿಷನ್ ಕಾರ್ಯ ಆರಂಭವಾದುದು 1820ರಲ್ಲಿ. ಬಳ್ಳಾರಿಯಲ್ಲಿ ನೆಲೆಯೂರಿದ್ದ ಲಂಡನ್ ಮಿಷನರಿ ಸೊಸೈಟಿಯು ಜೋಸೆಫ್ ಟೇಲರ್ ಅವರನ್ನು ಇಲ್ಲಿಗೆ ಕಳುಹಿಸಿತು. ಮುಂದೆ ವಿಲಿಯಂ ಬೇನನ್ ಅವರು ಈ ಕಾರ್ಯವನ್ನು ಬೆಳೆಸಿದರು. 1795ರಲ್ಲಿ ಸ್ಥಾಪನೆಯಾದ ಈ ಸೊಸೈಟಿ ಮರುವರ್ಷವೇ ಒಂದು ಮೂಲತತ್ತ್ವವನ್ನು ಅಂಗೀಕರಿಸಿತ್ತು. ಯಾವುದೇ ಒಂದು ಪಂಗಡದ ಆಡಳಿತ ಕ್ರಮವನ್ನು ಹೊಸ ವಿಶ್ವಾಸಿಗಳ ಮೇಲೆ ಹೇರಬಾರದು, ತಮಗೆ ಯುಕ್ತವೆಂದು ಕಂಡ ಕ್ರಮವನ್ನು ಅವರೇ ಆರಿಸಿಕೊಳ್ಳಬೇಕು ಎಂಬುದು ಅದರ ಆಶಯ. ಕೂಡಿದ ಜನರಲ್ಲಿಯೇ ಅಧಿಕಾರವನ್ನು ಕಾಣುವ ಈ ತತ್ತ್ವ ದೈವದ ಕಲ್ಪನೆಗೆ ತೀರ ಸಮೀಪದ್ದು.

ಆದರೆ ಆಚರಣೆಯ ದಾರಿ ಬೇರೆಯಾಯಿತು. ಉಪದೇಶಿಗಳ ಸಂಬಳ, ಶಾಲೆ, ನಿವೇಶನ ಎಲ್ಲವೂ ಮಿಷನ್‌ನ ಕೈಯಲ್ಲಿದ್ದುದರಿಂದ ನಿರ್ಣಯಗಳೂ ಅಲ್ಲಿಯೇ ಉಳಿದವು. 1904ರಲ್ಲಿ ಬೆಳಗಾವಿ ಕ್ಷೇತ್ರವು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಹಸ್ತಾಂತರಗೊಂಡಿತು. ಇದು ಎರಡು ಸಂಸ್ಥೆಗಳ ನಡುವಿನ ಏರ್ಪಾಡು. ಆಡಳಿತ ಕ್ರಮವನ್ನು ವಿಶ್ವಾಸಿಗಳೇ ಆರಿಸಿಕೊಳ್ಳಬೇಕೆಂದಿದ್ದ ಸೊಸೈಟಿಯ ಸಭೆಗಳು ಹೀಗೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟುದು ಚರಿತ್ರೆಯ ಒಂದು ವೈರುಧ್ಯವೇ ಸರಿ.

ಮೆಥೊಡಿಸ್ಟ್ ವ್ಯವಸ್ಥೆಯಲ್ಲಿ ಬಿಷಪ್, ಜಿಲ್ಲಾ ಮೇಲ್ವಿಚಾರಕ, ಸಭಾಪಾಲಕ ಎಂಬ ಶ್ರೇಣಿಯಿದೆ. ಸಭಾಪಾಲಕರನ್ನು ಸ್ಥಳೀಯ ಸಭೆ ನೇಮಿಸುವುದಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ನೇಮಕಗಳನ್ನು ಪ್ರಕಟಿಸುತ್ತಾರೆ, ವರ್ಗಾವಣೆಯಾದವರು ಹೊರಡಲೇಬೇಕು. ಮಠದ ಪರಂಪರೆಯೊಂದಿಗೆ ಹೋಲಿಸಿದಾಗ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಮಠ ಮತ್ತು ಭಕ್ತರ ಮನೆತನದ ಸಂಬಂಧ ತಲೆಮಾರುಗಳದ್ದು. ಸಭಾಪಾಲಕನಾದರೋ ಬಂದು ಹೋಗುವವನು. ಅಧಿಕಾರ ಅವನ ಮನೆತನಕ್ಕಲ್ಲ, ಹುದ್ದೆಗೆ ಅಂಟಿಕೊಂಡಿರುತ್ತದೆ. ಅಸ್ಪೃಶ್ಯರೆನಿಸಿ ವತನದಾರರ ವಂಶಪಾರಂಪರ್ಯ ಅಧಿಕಾರದಡಿ ನೊಂದಿದ್ದ ಸಮುದಾಯಗಳಿಂದ ಸಭೆಗೆ ಬಂದವರಿಗೆ ಇದು ಒಂದು ಬಗೆಯ ಬಿಡುಗಡೆಯೇ ಆಗಿತ್ತು. ಅವರ ಕೇರಿಯ ಹುಡುಗನೂ ಓದಿ ಸಭಾಪಾಲಕನಾಗಬಹುದಿತ್ತು. ಆದರೆ ತಮ್ಮ ಸಭಾಪಾಲಕ ಯಾರಾಗಬೇಕೆಂಬ ಅಂತಿಮ ಮಾತು ಮಾತ್ರ ಕೇರಿಯ ಕೈಗೆ ಬರಲಿಲ್ಲ.

ಶಿಸ್ತುಕ್ರಮದ ವಿಷಯದಲ್ಲಿ ಹಳೆಯದು ಹೊಸದರೊಳಗೆ ಬೆರೆತುದನ್ನು ಕಾಣಬಹುದು. ಕುಡಿತ, ವಿಗ್ರಹಾರಾಧನೆ, ಸಭೆಯ ಹೊರಗಿನ ಮದುವೆಗಳಿಗಾಗಿ ಕರ್ತನ ಭೋಜನದಿಂದ ದೂರವಿಡುವುದು ಮಿಷನ್ ಸಭೆಗಳಲ್ಲಿ ರೂಢಿಯಲ್ಲಿದ್ದ ಶಿಕ್ಷೆ. ಕುಲದಿಂದ ಹೊರಗಿಡುವ ಪದ್ಧತಿಯನ್ನು ಬಲ್ಲ ಜನಕ್ಕೆ ಇದು ಅಪರಿಚಿತವೇನಲ್ಲ. ವ್ಯತ್ಯಾಸವಿರುವುದು ತೀರ್ಪು ಕೊಡುವವರಲ್ಲಿ. ಅಲ್ಲಿ ಕೂಡಿದ ದೈವ ತೀರ್ಪು ನೀಡಿದರೆ, ಇಲ್ಲಿ ಲಿಖಿತ ನಿಯಮ ಮತ್ತು ಅದನ್ನು ಓದಬಲ್ಲ ಅಧಿಕಾರಿ.

ಅಧಿಕಾರದ ಭಾರತೀಕರಣ ನಿಧಾನವಾಗಿ ನಡೆಯಿತು. ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯು ಇಲ್ಲಿಯ ಬಿಷಪ್ ಸ್ಥಾನಕ್ಕೆ ಮೊದಲ ಭಾರತೀಯರಾಗಿ ಜಶವಂತರಾವ್ ಚಿತಂಬರ್ ಅವರನ್ನು ಆರಿಸಿದ್ದು 1930ರಲ್ಲಿ. 1947ರಲ್ಲಿ ದಕ್ಷಿಣ ಭಾರತ ಸಭೆ, 1970ರಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗ ಈ ಸಭೆ ಎರಡರಿಂದಲೂ ಹೊರಗುಳಿಯಿತು. 1981ರಲ್ಲಿ ಅದು ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವಾಯತ್ತ ಸಂಸ್ಥೆಯಾಯಿತು. ಅಮೆರಿಕದ ಹಿಡಿತ ಕಳಚಿತಾದರೂ ನೇಮಕದ ಶ್ರೇಣಿ ಉಳಿಯಿತು. ಕಥೋಲಿಕರಲ್ಲಿಯೂ 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗಿ, ಬಿಷಪ್ಪರ ಪೀಠ ಜಿಲ್ಲಾ ಕೇಂದ್ರಕ್ಕೇ ಬಂದಿತು. ಅಧಿಕಾರ ಹತ್ತಿರ ಬಂದಿತೇ ಹೊರತು ಮೇಲಿನಿಂದ ಕೆಳಗಿಳಿಯುವ ಅದರ ದಿಕ್ಕು ಬದಲಾಗಲಿಲ್ಲ.

ಒಟ್ಟಾರೆಯಾಗಿ, ಸಭೆಯ ಆಡಳಿತವನ್ನು ಬಿಷಪ್ಪರ ಪಟ್ಟಿಯಿಂದಷ್ಟೇ ಅರಿಯಲಾಗದು. 'ಪಾದ್ರಿ' ಎಂಬ ಮಾತು ಪೋರ್ಚುಗೀಸರಿಂದ ಬಂದುದು; 'ಸಭೆ' ಎಂಬುದು ನಮ್ಮದೇ ಮಾತು, ಕೂಡಿದ ಜನ ಎಂದೇ ಅದರ ಅರ್ಥ. ಸಭಾಪಾಲಕರು ಬದಲಾಗುತ್ತಾರೆ, ಯಾರ ಮದುವೆ ಯಾವಾಗ ಆಯಿತು, ಯಾರ ಸಮಾಧಿ ಎಲ್ಲಿದೆ ಎಂಬ ನೆನಪನ್ನು ಕಾಯುವವರು ಕೇರಿಯ ಹಿರಿಯರು. ದಾಖಲೆಗಳಲ್ಲಿ ಹೆಸರಿಲ್ಲದ ಈ ಹಿರಿಯರ ಅಧಿಕಾರವೇ ಸಭೆಯನ್ನು ನೆಲಕ್ಕೆ ಕಟ್ಟಿಹಾಕಿದೆ. ಮಿಷನ್ ವರದಿಗಳ ಜೊತೆಗೆ ಅವರ ಮೌಖಿಕ ನೆನಪುಗಳನ್ನೂ ದಾಖಲಿಸಿದಾಗ ಮಾತ್ರ ಈ ಪ್ರದೇಶದ ಕ್ರೈಸ್ತ ಚರಿತ್ರೆ ಪೂರ್ಣವಾದೀತು.