ಹಳದೀಘಾಟಿಯ ಆಚೆಗೆ: ರಜಪೂತ ಚರಿತ್ರೆ ನಡೆದು ಬಂದ ದಾರಿ

ಮೇವಾಡದ ರಾಣಾ ಪ್ರತಾಪನ ಹೆಸರೆತ್ತಿದರೆ ಈಗ ಎರಡೇ ಮಾತು ಕೇಳಿಬರುತ್ತವೆ. ಅವನು ಅಕ್ಬರನ ಪಡೆಯೊಂದಿಗೆ ಕಾದಿದ ಹಳದೀಘಾಟಿ ಎಂದರೆ ಎರಡು ಧರ್ಮಗಳ ಕಾಳಗ ಎಂಬುದು ಒಂದು. ರಜಪೂತ ಶೌರ್ಯವೆಲ್ಲ ಹೊಗಳುಭಟರ ಸೃಷ್ಟಿ ಎಂಬುದು ಇನ್ನೊಂದು. ಮೊದಲನೆಯದು ವೇದಿಕೆಯ ಮಾತು, ಎರಡನೆಯದು ವಿಚಾರಸಂಕಿರಣದ್ದು. ಆಕರಗಳ ಧೂಳು ಇಬ್ಬರ ಕೈಗೂ ಅಷ್ಟಾಗಿ ಅಂಟಿದಂತಿಲ್ಲ.

ಹಳೆಯ ಘಟ್ಟವನ್ನು ಬೇಗ ದಾಟೋಣ. ಶಾಸನಗಳು, ಪ್ರಶಸ್ತಿಗಳು, ನಯಚಂದ್ರಸೂರಿಯ ‘ಹಮ್ಮೀರ ಮಹಾಕಾವ್ಯ’ದಂಥ ಕೃತಿಗಳು ಮೊದಲ ಪದರ. ಪ್ರತೀಹಾರ ಮಹೀಪಾಲ ಸೋತ ಸುದ್ದಿಯನ್ನು ನಮ್ಮ ಪಂಪನೂ ಹೇಳಿದ್ದಾನೆ. ಆಮೇಲೆ ಆಸ್ಥಾನದ ಕವಿಗಳಾದ ಚಾರಣರ ಗೀತೆಗಳು, ವಂಶಾವಳಿಗಳು, ಖ್ಯಾತಗಳೆಂಬ ಗದ್ಯ ವೃತ್ತಾಂತಗಳು ಬಂದವು.

ಇವನ್ನು ಲೋಕಕ್ಕೆ ಕಾಣಿಸಿದವನು ಬ್ರಿಟಿಷ್ ಅಧಿಕಾರಿ ಕರ್ನಲ್ ಜೇಮ್ಸ್ ಟಾಡ್. 1829 ಮತ್ತು 1832ರಲ್ಲಿ ಬಂದ ಅವನ ಎರಡು ಸಂಪುಟಗಳಲ್ಲಿ ಪ್ರೀತಿ ತುಂಬಿದೆ, ಪರಿಶೀಲನೆ ಕಡಿಮೆ. ಹಳದೀಘಾಟಿ ಮೇವಾಡದ ಥರ್ಮೊಪೈಲಿಯಾದದ್ದು ಅವನ ಕೈಯಲ್ಲೇ. ದ್ವಿಜೇಂದ್ರಲಾಲ್ ರಾಯ್ ಅವರ ಬಂಗಾಳಿ ನಾಟಕಗಳ ಬೆನ್ನಿಗಿರುವವನೂ ಇವನೇ. ಇಂದಿನ ಸಿನಿಮಾಗಳೂ ಅವನ ಸಾಲ ತೀರಿಸಿಲ್ಲ.

ತಿದ್ದುವ ಕೆಲಸ ಒಳಗಿನವರಿಂದಲೇ ಶುರುವಾಯಿತು. ‘ಪೃಥ್ವೀರಾಜ ರಾಸೋ’ ಕಾವ್ಯ ಚೌಹಾಣ ಪೃಥ್ವೀರಾಜನ ಕಾಲದ್ದಲ್ಲ ಎಂದು 1886ರಲ್ಲಿ ವಾದಿಸಿದ ಶ್ಯಾಮಲದಾಸರು ಸ್ವತಃ ಚಾರಣರು, ಉದಯಪುರದ ಆಸ್ಥಾನಿಕರು. ಅವರ ‘ವೀರ ವಿನೋದ’ದ ಅಚ್ಚಾದ ಪ್ರತಿಗಳು ಬಹುಕಾಲ ಹೊರಬರಲೇ ಇಲ್ಲ, ಅರಮನೆಗೆ ಇಷ್ಟವಾದ ಚರಿತ್ರೆ ಅದಾಗಿರಲಿಲ್ಲವೆಂದು ತೋರುತ್ತದೆ. ಗೌರೀಶಂಕರ ಓಝಾ ಶಾಸನಗಳ ಆಧಾರದ ಮೇಲೆ ವಂಶಗಳನ್ನು ಮರುಜೋಡಿಸಿದರು. ಇಟಲಿಯಿಂದ ಬಂದ ತೆಸ್ಸಿತೋರಿ ಒಂಟೆ ಬೆನ್ನೇರಿ ಹಸ್ತಪ್ರತಿ ಹುಡುಕುತ್ತಾ 1919ರಲ್ಲಿ ಬಿಕಾನೇರಿನಲ್ಲೇ ತೀರಿಕೊಂಡರು, ಮೂವತ್ತೊಂದರ ಪ್ರಾಯದಲ್ಲಿ.

ನಮ್ಮ ತಲೆಮಾರಿನ ಕಣ್ಣು ತೆರೆಸಿದವನು ಮಾತ್ರ ಮುಹಣೋತ ನೈಣಸಿ. ಹದಿನೇಳನೆಯ ಶತಮಾನದಲ್ಲಿ ಜೋಧಪುರದ ದಿವಾನನಾಗಿದ್ದ ಇವನ ‘ಖ್ಯಾತ’ದಲ್ಲಿ ಕುಲಗಳ ಕಥೆಯಿದೆ, ‘ಮಾರವಾಡ ರಾ ಪರಗನಾ ರೀ ವಿಗತ’ದಲ್ಲಿ ಊರೂರಿನ ಲೆಕ್ಕವಿದೆ. ಈ ಊರಿನಲ್ಲಿ ಯಾವ ಜಾತಿಯವರಿದ್ದಾರೆ, ನೀರಿಗೆ ಬಾವಿಯೋ ಕೆರೆಯೋ, ಕಂದಾಯ ಎಷ್ಟು, ಯಾವುದು ಪಾಳುಬಿದ್ದಿದೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಕತ್ತಿಯ ಹಿಂದಿನ ಹೊಲ ಅಲ್ಲಿ ಕಾಣುತ್ತದೆ. 1970ರ ದಶಕದಲ್ಲಿ ನಾರ್ಮನ್ ಝೀಗ್ಲರ್ ಈ ಬರಹಗಳಿಂದಲೇ ರಕ್ತಸಂಬಂಧ ಮತ್ತು ಚಾಕರಿ ಎಂಬ ಎರಡು ಎಳೆಗಳನ್ನು ಬಿಡಿಸಿದರು: ಅಣ್ಣತಮ್ಮಂದಿರ ನಿಷ್ಠೆ ಒಂದು ಕಡೆ, ಪಟ್ಟಾ (ಜಹಗೀರು) ಕೊಟ್ಟ ಒಡೆಯನ ಉಪ್ಪು ಇನ್ನೊಂದು ಕಡೆ. ಬಿ.ಡಿ. ಚಟ್ಟೋಪಾಧ್ಯಾಯರು ರಜಪೂತರಾಗುವುದೇ ಒಂದು ಪ್ರಕ್ರಿಯೆ ಎಂದರು. ಬೇಸಾಯ ಹರಡುವುದು, ಕೋಟೆ ಕಟ್ಟುವುದು, ಮದುವೆಯ ನಂಟು ಬೆಳೆಸುವುದು ಅದರ ಮೆಟ್ಟಿಲು. ರಮ್ಯಾ ಶ್ರೀನಿವಾಸನ್ ಚಿತ್ತೂರಿನ ರಾಣಿ ಪದ್ಮಿನಿಯ ಕಥೆ, ಸಿಂಥಿಯಾ ಟಾಲ್ಬಟ್ ಪೃಥ್ವೀರಾಜನ ನೆನಪು ಕಾಲದಿಂದ ಕಾಲಕ್ಕೆ ಬದಲಾದ ಬಗೆಯನ್ನು ತೋರಿಸಿದರು. ಇವರಾರೂ ವೀರರನ್ನು ಕುಗ್ಗಿಸಲಿಲ್ಲ. ಅವರ ನಿರ್ಧಾರ ಎಷ್ಟು ಭಾರವಾದದ್ದೆಂದು ತೂಗಿಸಿಕೊಟ್ಟರು.

1576ರ ಜೂನ್ ತಿಂಗಳ ಹಳದೀಘಾಟಿಯನ್ನೇ ನೋಡಿ. ಅಕ್ಬರನ ಸೇನಾಪತಿ ಕಛವಾಹ ಕುಲದ ರಜಪೂತ ಮಾನಸಿಂಹ. ಪ್ರತಾಪನ ಮುಂಪಡೆಯಲ್ಲಿದ್ದವನು ಅಫ್ಘಾನ ಹಕೀಮ್ ಖಾನ್ ಸೂರ್. ಅಕ್ಬರನ ಪಡೆಯೊಡನೆ ಕಣದಲ್ಲಿದ್ದ ಚರಿತ್ರಕಾರ ಬದಾಯೂನಿ, ನಮ್ಮ ರಜಪೂತರು ಯಾರು, ಎದುರಾಳಿ ರಜಪೂತರು ಯಾರು ಎಂದು ಗುರುತಿಸುವುದು ಹೇಗೆಂದು ಸೇನಾನಿ ಆಸಫ್ ಖಾನನನ್ನು ಕೇಳುತ್ತಾನೆ. ಯಾವ ಕಡೆಯವನು ಸತ್ತರೂ ಇಸ್ಲಾಮಿಗೆ ಲಾಭವೇ, ಬಾಣ ಬಿಡು ಎಂಬ ಉತ್ತರ ಬರುತ್ತದೆ. ಮತದ್ವೇಷ ಅಲ್ಲಿ ಇತ್ತು. ಆದರೆ ಪಡೆಗಳನ್ನು ಒಡೆದ ಗೆರೆ ಅದಾಗಿರಲಿಲ್ಲ. ಈ ಒಂದು ಸಾಕ್ಷ್ಯ ಎರಡು ಮಾತುಗಳನ್ನೂ ಕೆಡಿಸುತ್ತದೆ. ಬಹುಶಃ ಅದಕ್ಕೇ ಎರಡು ಪಾಳೆಯದವರೂ ಅರ್ಧರ್ಧ ಮಾತ್ರ ಉಲ್ಲೇಖಿಸುತ್ತಾರೆ.

ಇಷ್ಟಾದರೂ ಬಿಟ್ಟುಹೋದದ್ದು ಬಹಳ. ಮೇವಾಡದ ಕಣಿವೆಗಳನ್ನು ಕಾಯ್ದ ಭೀಲ ಬುಡಕಟ್ಟಿನವರು ಇಂದಿಗೂ ಅಡಿಟಿಪ್ಪಣಿಯಲ್ಲೇ ಇದ್ದಾರೆ. ಹೆಂಗಸರ ಸಾಮೂಹಿಕ ಆತ್ಮಾಹುತಿಯಾದ ಜೌಹರದ ಬಗ್ಗೆ ಬರೆದವರು, ಮುತ್ತಿಗೆ ಮುಗಿದ ಮೇಲೆ ಬದುಕುಳಿದ ಹೆಂಗಸರ ಬಗ್ಗೆ ಬರೆದದ್ದು ಅತ್ಯಲ್ಪ. ಪ್ರತಾಪನ ಜೀವನಚರಿತ್ರೆಗಳು 1576ರಲ್ಲಿ ಏರಿ, 1582ರ ದೇವೇರ್ ಕಾಳಗದಲ್ಲಿ ಒಮ್ಮೆ ಮಿನುಗಿ, 1597ರ ಸಾವಿಗೆ ಹಾರುತ್ತವೆ. ನಡುವೆ ಚಾವಂಡದ ರಾಜಧಾನಿಯಿದೆ, ಮರಳಿ ನೆಲೆ ನಿಂತ ರಾಜ್ಯವಿದೆ. ಅವನ ಆಶ್ರಯದಲ್ಲಿ ಚಕ್ರಪಾಣಿ ಮಿಶ್ರ ‘ವಿಶ್ವವಲ್ಲಭ’ ಬರೆದ: ಅಂತರ್ಜಲದ ಪತ್ತೆ, ಬಾವಿ ಕೆರೆಗಳ ರಚನೆ, ಗಿಡಮರಗಳ ಆರೈಕೆ, ಅವುಗಳ ರೋಗಕ್ಕೆ ಮದ್ದು ಅದರ ವಿಷಯ. ಬೆನ್ನಟ್ಟಿಸಿಕೊಂಡ ರಾಜನೊಬ್ಬ ಇಂಥ ಪುಸ್ತಕವನ್ನು ಪೋಷಿಸಿದ್ದು ಶೌರ್ಯದ ಲೆಕ್ಕಕ್ಕೆ ಸೇರುವುದೋ ಇಲ್ಲವೋ ಎಂದು ಕೇಳಿಕೊಳ್ಳಬೇಕು. ಸೇರುವುದಾದರೆ, ಅವನ ಕುದುರೆ ಚೇತಕನಿಗೆ ಕೊಟ್ಟ ಪುಟಗಳಲ್ಲಿ ಕೆಲವನ್ನಾದರೂ ಚಾವಂಡದ ಬಾವಿಗಳಿಗೆ ಬಿಟ್ಟುಕೊಡಬೇಕಾಗುತ್ತದೆ.