ಮೆದುಳಿನ ಆಪರೇಷನ್ ಆದವರು ಏನೇನೋ ಮಾತಾಡಿದರೆ ಬುದ್ಧಿ ಕೆಟ್ಟಿದೆ ಎಂದರ್ಥವೇ?

ಮೆದುಳಿನ ಆಪರೇಷನ್ ಮುಗಿಸಿ ವಾರ್ಡಿಗೆ ಬಂದ ಅಪ್ಪ ಮಗಳನ್ನೇ ಗುರುತಿಸುವುದಿಲ್ಲ. ರಾತ್ರಿ ‘ಬಸ್ಸು ಹೊರಟಿತು’ ಎಂದು ಪೈಪು ಎಳೆಯುತ್ತಾರೆ. ನೆಂಟರು ಹೇಳುವುದು: “ಬುದ್ಧಿ ಹೋಯ್ತು, ಇನ್ನು ಸರಿಹೋಗಲ್ಲ.”

ನಿಜವೇನು?
ಹಲವು ಸಲ ಇದು ‘ಡೆಲಿರಿಯಂ’, ಅಂದರೆ ತಾತ್ಕಾಲಿಕ ಗೊಂದಲ. ಮೆದುಳಿನ ಊತ, ಔಷಧಿ, ಸೋಂಕು, ಸೋಡಿಯಂ ಏರುಪೇರು, ನಿದ್ರೆಗೇಡು ಕಾರಣವಾಗಬಹುದು. ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತದೆ. ಆಪರೇಷನ್ ಆದ ಜಾಗಕ್ಕೆ ತಕ್ಕಂತೆ ಕೆಲವು ತೊಂದರೆ ಉಳಿಯಲೂಬಹುದು. ಅದನ್ನು ವೈದ್ಯರೇ ಹೇಳಬೇಕು.

ಮನೆಯವರು ಏನು ಮಾಡಬೇಕು?
• “ನಾನ್ಯಾರು ಹೇಳಿ” ಎಂದು ಪರೀಕ್ಷಿಸಬೇಡಿ. “ಅಪ್ಪಾ, ನಾನು ನಿಮ್ಮ ಮಗಳು. ನೀವು ಆಸ್ಪತ್ರೆಯಲ್ಲಿದ್ದೀರಿ, ಇವತ್ತು ಸೋಮವಾರ” ಎಂದು ನೀವೇ ಹೇಳಿ.
• ನರ್ಸ್ ಹತ್ತಿರ ಕೇಳಿ ಕನ್ನಡಕ, ಕಿವಿ ಮಷಿನ್ ಹಾಕಿಸಿ.
• ಒಬ್ಬೊಬ್ಬರೇ ನೋಡಿ ಬನ್ನಿ. ರಾತ್ರಿ ಮಲಗಲು ಬಿಡಿ.
• ಕೇಳದೆ ಎಳನೀರನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಯಾವಾಗ ಎಚ್ಚರ?
ಗೊಂದಲ ಹೊಸದಾಗಿ ಶುರುವಾದರೆ ಅಥವಾ ಹೆಚ್ಚಾದರೆ, ಎಬ್ಬಿಸಿದರೂ ಏಳದಿದ್ದರೆ, ವಾಂತಿ, ಫಿಟ್ಸ್ ಬಂದರೆ, ಒಂದು ಕಡೆಯ ಕೈಕಾಲು ಸೋತರೆ ತಕ್ಷಣ ನರ್ಸ್‌ಗೆ ತಿಳಿಸಿ. ಒಳಗೆ ರಕ್ತಸ್ರಾವವೂ ಆಗಿರಬಹುದು.

ಇನ್ನೊಂದು ಮಾತು: ಅವರು ಬಡಬಡಿಸುವ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ. ಗುಣವಾದ ಮೇಲೆ ಅವರೂ ಅದನ್ನು ನೋಡುತ್ತಾರೆ.